ಬಲಗಡೆಯ ಹಾಲು

ನನ್ನ ಎಡ ಎದೆಯಲ್ಲಿ ಗಂಟು ಕಾಣಿಸಿಕೊಂಡಾಗ ಮಗಳು ಶ್ರಾವಣಿಗೆ ಮೂರು ತಿಂಗಳು. ಆಗಷ್ಟೇ ಕುತ್ತಿಗೆ ನಿಂತಿತ್ತು. ಹಾಲು ಕುಡಿಯುತ್ತ ಕುಡಿಯುತ್ತ ನಡುವೆ ಬಿಟ್ಟು, ಬಾಯಿ ತುಂಬ ಹಾಲಿಟ್ಟುಕೊಂಡೇ ನನ್ನ ಮುಖ ನೋಡಿ ನಗುವುದನ್ನು ಕಲಿತಿದ್ದಳು. ಗಂಟು ನೆಲ್ಲಿಕಾಯಿಯಷ್ಟಿತ್ತು, ನೋವಿರಲಿಲ್ಲ. ಬಾಣಂತಿಗೆ ಇಂಥವೆಲ್ಲ ಇದ್ದದ್ದೇ ಎಂದು ಎಲ್ಲರೂ ಹೇಳಿದರು. ನಾನೂ ನಂಬಿದೆ.

ಆ ಕಾಯಿಲೆ ಏನು, ಹೇಗೆ ಬರುತ್ತದೆ ಎಂಬುದನ್ನು ಹೇಳಲು ಡಾಕ್ಟರಿದ್ದಾರೆ. ಮೈಯಲ್ಲಿ ರೋಗ, ಮಡಿಲಲ್ಲಿ ಹಾಲು ಕುಡಿಯುವ ಕೂಸು, ಯಾರಿಗೆ ಏನು ಕೇಳಬೇಕೆಂದು ಗೊತ್ತಾಗದ ದಿನಗಳು ಹೇಗಿದ್ದವು ಎಂಬುದನ್ನು ಮಾತ್ರ ನಾನು ಹೇಳಬಲ್ಲೆ. ಅಂಥ ದಿನಗಳಲ್ಲಿರುವ ಇನ್ನೊಬ್ಬಳು ಇದನ್ನು ಓದಿದರೆ ಅಷ್ಟು ಸಾಕು.

ನಾವಿರುವುದು ಕಾಚಿಗೂಡದಲ್ಲಿ, ಒಂದು ಹಳೆಯ ಮನೆಯ ಮೇಲಿನ ಅಂತಸ್ತಿನಲ್ಲಿ. ನನ್ನ ಗಂಡ ಬಸವರಾಜ ಹೈದರಾಬಾದಿನಲ್ಲಿಯೇ ಹುಟ್ಟಿ ಬೆಳೆದವರು. ಅವರ ಅಪ್ಪ ಲಿಂಗಸುಗೂರಿನ ಕಡೆಯಿಂದ ಬಟ್ಟೆ ವ್ಯಾಪಾರಕ್ಕೆ ಬಂದು ಇಲ್ಲೇ ನಿಂತರಂತೆ. ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆಗಿದ್ದಾರೆ. ನಾದಿನಿ ಶೈಲಾಳನ್ನು ದಿಲ್‌ಸುಖ್‌ನಗರಕ್ಕೆ ಕೊಟ್ಟಿದೆ. ನನ್ನ ತವರು ರಾಯಚೂರು.

ಗಂಟಿನ ಸುದ್ದಿ ಹೇಳಿದಾಗ ಅವ್ವ ಫೋನಿನಲ್ಲಿ, "ಹಾಲು ಕಟ್ಟಿರತೈತಿ. ಬಿಸಿನೀರಾಗ ಅರಿವಿ ಅದ್ದಿ ಇಡು. ಬಾಚಣಿಕಿಲೆ ಮ್ಯಾಲಿಂದ ಕೆಳಗ ಮೆಲ್ಲಕ ಎಳಿ. ಕೂಸಿಗೆ ಆ ಕಡೀದ ಮೊದಲ ಕುಡಸು," ಎಂದಳು. ಹಾಗೆಯೇ ಮಾಡಿದೆ. ಗಂಟು ಇಳಿಯಲಿಲ್ಲ. ಸಂಜೆಯಾದರೆ ಸಣ್ಣಗೆ ಜ್ವರ ಬರತೊಡಗಿತು. ದೃಷ್ಟಿ ತಾಗಿದೆಯೆಂದು ಅತ್ತೆ ಉಪ್ಪು ಮೆಣಸಿನಕಾಯಿ ಇಳಿ ತೆಗೆದರು. ಜ್ವರದ ಗುಳಿಗೆ ನುಂಗಿ ಮಲಗುತ್ತಿದ್ದೆ, ಬೆಳಿಗ್ಗೆ ಎದ್ದಾಗ ಕುಪ್ಪಸವೆಲ್ಲ ಬೆವರಿಗೆ ತೊಯ್ದಿರುತ್ತಿತ್ತು. ಕನ್ನಡಿಯಲ್ಲಿ ನನ್ನ ಕೊರಳ ಎಲುಬು ಎದ್ದು ಕಾಣತೊಡಗಿದಾಗಲೂ, ಕೂಸು ಚೆನ್ನಾಗಿ ಕುಡಿಯುತ್ತಿದೆ, ಅದಕ್ಕೇ ಇಳಿದಿದ್ದೇನೆ ಎಂದುಕೊಂಡೆ. ಕೂಸು ನಿಜಕ್ಕೂ ಚೆನ್ನಾಗಿಯೇ ಕುಡಿಯುತ್ತಿತ್ತು.

ಗಂಟು ಕೆಂಪಗಾಗಿ, ಮುಟ್ಟಿದರೆ ಮೆತ್ತಗೆ ಅನ್ನಿಸತೊಡಗಿದ ಮೇಲೆ ಮನೆಯ ಹತ್ತಿರದ ನರ್ಸಿಂಗ್ ಹೋಮಿಗೆ ಹೋದೆವು. ಅಲ್ಲಿನ ಡಾಕ್ಟರು ತೆಲುಗಿನಲ್ಲಿ, ಹಾಲು ಗಡ್ಡೆಗಟ್ಟಿ ಕೀವಾಗಿದೆ ಎಂದರು. ಅಂದೇ ಕೊಯ್ದು ಕೀವು ತೆಗೆದರು. "ಈ ಕಡೆಯದು ಸದ್ಯಕ್ಕೆ ಕುಡಿಸಬೇಡಮ್ಮ," ಎಂದು ಹೇಳಿ ಕಳಿಸಿದರು. ಬಲಗಡೆ ಕುಡಿಸುತ್ತಿದ್ದೆ. ಒಂದೇ ಕಡೆಯಾದರೂ ಅವಳಿಗೆ ಸಾಲುತ್ತಿತ್ತು.

ಗಾಯ ಮಾತ್ರ ಮಾಯಲಿಲ್ಲ. ದಿನ ಬಿಟ್ಟು ದಿನ ಪಟ್ಟಿ ಬದಲಿಸಲು ಹೋಗುತ್ತಿದ್ದೆ. ಒಳಗೆ ತುರುಕಿದ್ದ ಬಟ್ಟೆಯನ್ನು ಎಳೆಯುವಾಗ ನಾನು ಮಂಚದ ಕಬ್ಬಿಣದ ಪಟ್ಟಿ ಹಿಡಿದುಕೊಳ್ಳುತ್ತಿದ್ದೆ. ಕೂಸು ಹೊರಗೆ ಅತ್ತೆಯ ತೋಳಲ್ಲಿ ಅತ್ತರೆ ಆ ಗಾಯದಿಂದಲೇ ಹಾಲು ಬರುತ್ತಿತ್ತು, ಕೀವಿನ ಜೊತೆ ಕಲೆತು. ಅದನ್ನು ಒರೆಸುವ ನರ್ಸ್ ಹುಡುಗಿ ಬೇರೆ ಕಡೆ ನೋಡಿಕೊಂಡು ಒರೆಸುತ್ತಿದ್ದಳು. ಇನ್ನೊಮ್ಮೆ ಕೊಯ್ದರು. ಅದರ ಪಕ್ಕದಲ್ಲಿಯೇ ಹೊಸದೊಂದು ಬಾಯಿ ತೆರೆದುಕೊಂಡಿತು. ಆಮೇಲೆ ಆ ಡಾಕ್ಟರು ನನ್ನ ಮುಖ ನೋಡದೆ ಗಂಡನಿಗೆ ಹೇಳಿದರು, ದೊಡ್ಡಾಸ್ಪತ್ರೆಗೆ ಹೋಗಿ ಒಂದು ತುಣುಕು ತೆಗೆಸಿ ಪರೀಕ್ಷೆ ಮಾಡಿಸಿ ಎಂದು.

ಯಾವ ಪರೀಕ್ಷೆ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನನ್ನ ಗಂಡ ಅದನ್ನು "ಆ ಟೆಸ್ಟ್" ಎನ್ನುತ್ತಿದ್ದರು. ಅತ್ತೆ ಅಷ್ಟನ್ನೂ ಹೇಳದೆ ದೇವರ ಮುಂದೆ ಎರಡು ದೀಪ ಹಚ್ಚತೊಡಗಿದರು.

ದೊಡ್ಡಾಸ್ಪತ್ರೆಯ ಆ ಮೊಗಸಾಲೆಯಲ್ಲಿ ತಲೆಗೆ ವಸ್ತ್ರ ಕಟ್ಟಿಕೊಂಡ ಹೆಂಗಸರು ಸಾಲಾಗಿ ಕುಳಿತಿದ್ದರು. ಒಬ್ಬರಿಗೂ ಹುಬ್ಬಿರಲಿಲ್ಲ. ಶ್ರಾವಣಿಯನ್ನು ಮನೆಯಲ್ಲಿ ಬಿಟ್ಟರೆ ಹಸಿದಾಳೆಂದು ಕರೆದುಕೊಂಡೇ ಹೋಗಿದ್ದೆ. ಅವಳು ಅಳತೊಡಗಿದಳು. ಸುತ್ತ ಗಂಡಸರು, ಎದುರಿಗೇ ಬಾಗಿಲು. ನಾನು ಸೆರಗು ಎಳೆದುಕೊಳ್ಳಲು ಒದ್ದಾಡುತ್ತಿದ್ದಾಗ ಪಕ್ಕದ ಕುರ್ಚಿಯಲ್ಲಿದ್ದ ಬುರ್ಖಾದ ವಯಸ್ಸಾದ ಹೆಂಗಸು ಎದ್ದು ನನ್ನ ಮುಂದೆ ಬಂದು, ಬೆನ್ನು ನನ್ನ ಕಡೆ ಮಾಡಿ ನಿಂತರು. "ಪಿಲಾ ಲೋ ಬೇಟಿ, ಮೈ ಖಡೀ ಹೂಂ," ಎಂದರು, ಕುಡಿಸು ಮಗಳೇ, ನಾನು ನಿಂತಿದ್ದೇನೆ ಎಂದು. ಅವರದೂ ಒಂದು ಕೈ ನೀರು ತುಂಬಿ ಬಾತುಕೊಂಡಿತ್ತು, ಅದಕ್ಕೆ ಬಿಗಿಯಾಗಿ ಪಟ್ಟಿ ಸುತ್ತಿತ್ತು. ಕೂಸು ಕುಡಿದು ಬಿಡುವವರೆಗೆ ಅವರು ಕದಲಲಿಲ್ಲ. ನನ್ನ ಹೆಸರು ಕರೆದರು, ಒಳಗೆ ಹೋದೆ, ಹೊರಗೆ ಬಂದಾಗ ಅವರು ಇರಲಿಲ್ಲ.

ವರದಿ ಬರುವವರೆಗಿನ ದಿನಗಳಲ್ಲಿ ನಾನು ಕೂಸಿಗೆ ಕುಡಿಸುವಾಗೆಲ್ಲ ಒಂದೇ ಯೋಚನೆ ಮಾಡುತ್ತಿದ್ದೆ. ನಾನು ಹೋದರೆ ಇವಳಿಗೆ ನನ್ನ ನೆನಪು ಯಾವುದೂ ಉಳಿಯುವುದಿಲ್ಲ. ಮುಖ ಉಳಿಯುವುದಿಲ್ಲ, ದನಿ ಉಳಿಯುವುದಿಲ್ಲ. ಸಾವಿಗಿಂತ ಅದೇ ಹೆಚ್ಚು ಹೆದರಿಸುತ್ತಿತ್ತು.

ವರದಿಯ ದಿನ ಸರ್ಜನ್ ಮೇಡಂ ಕಾಗದ ನೋಡಿ, "ಕ್ಯಾನ್ಸರ್ ಅಲ್ಲ," ಎಂದರು. "ಟಿಬಿ."

"ಎದೆಗೆ ಟಿಬಿ ಬರ್ತದಾ ಮೇಡಂ? ಅದು ಕೆಮ್ಮಿನ ರೋಗ ಅಲ್ಲವಾ?" ಎಂದು ನನ್ನ ಗಂಡ ಹಿಂದಿಯಲ್ಲಿ ಕೇಳಿದರು.

"ಎಲ್ಲಿಗೆ ಬೇಕಾದರೂ ಬರುತ್ತದೆ. ಮಾತ್ರೆಗೆ ವಾಸಿಯಾಗುತ್ತದೆ. ಟಿಬಿ ಕ್ಲಿನಿಕ್ಕಿಗೆ ಬರೆದುಕೊಡುತ್ತೇನೆ." ಅಷ್ಟು ಹೇಳುವಷ್ಟರಲ್ಲಿ ಮುಂದಿನವರು ಒಳಗೆ ಬಂದಿದ್ದರು. ನಾವು ಕೈಮುಗಿದು ಎದ್ದೆವು. ಕ್ಯಾನ್ಸರ್ ಅಲ್ಲ ಎಂಬ ಮಾತೊಂದೇ ಕಿವಿಯಲ್ಲಿ ತುಂಬಿಕೊಂಡಿತ್ತು. ಕೂಸಿಗೆ ಕುಡಿಸಬಹುದೇ ಎಂದು ನಾನು ಕೇಳಲಿಲ್ಲ, ಇವರು ಕೇಳಲಿಲ್ಲ, ಮೇಡಂ ಹೇಳಲಿಲ್ಲ. ಆಟೋದಲ್ಲಿ ನನ್ನ ಗಂಡ ನನ್ನ ಕೈ ಹಿಡಿದು ನಗುತ್ತಿದ್ದರು. ಮದುವೆಯಾದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಮನೆಗೆ ಬಂದಾಗ ಅತ್ತೆ ಕಾಲು ಚಾಚಿ ಕುಳಿತು ಕೂಸಿಗೆ ಎಣ್ಣೆ ಹಚ್ಚುತ್ತಿದ್ದರು. "ಅವ್ವಾ, ಕ್ಯಾನ್ಸರ್ ಅಲ್ಲಂತ. ಟಿಬಿ ಅಂತ. ಗುಳಿಗಿಲೆ ಹೋಗತೈತಂತ," ಎಂದು ಇವರು ಬಾಗಿಲಲ್ಲಿಯೇ ಹೇಳಿದರು.

ಅತ್ತೆಯ ಕೈ ನಿಂತಿತು. ಕೂಸನ್ನು ಎಣ್ಣೆಮೈಯಲ್ಲಿಯೇ ಎತ್ತಿ ಹೆಗಲಿಗೆ ಹಾಕಿಕೊಂಡರು. ಆಮೇಲೆ ಮಗನಿಗೆ ಹೇಳಿದರು, ನನಗಲ್ಲ. "ನಮ್ಮಕ್ಕಗೂ ಇದ ಆಗಿತ್ತು. ಕೂಸಿಗೆ ಎದಿ ಕೊಡತಿದ್ಲು. ಬ್ಯಾಸಗ್ಯಾಗ ಆಕಿ ಹೋದ್ಲು, ಮಳಿಗಾಲದಾಗ ಕೂಸು ಹೋತು. ಆ ಕೂಸು ನನ್ನ ತೊಡಿ ಮ್ಯಾಲ ಜೀವ ಬಿಟ್ಟಿದ್ದು. ಇನ್ನೊಂದು ಕೂಸಿನ್ನ ನಾ ಹಂಗ ನೋಡಾಂಗಿಲ್ಲ."

"ಆವಾಗಿನ ಕಾಲ ಬ್ಯಾರೆ ಅವ್ವ," ಎಂದರು ಇವರು.

"ಡಾಕ್ಟರ್ ಕುಡಸ್ರಿ ಅಂದ್ರೇನು?"

"ಏನೂ ಅನ್ನಲಿಲ್ಲ."

"ಮತ್ತ?"

ಅಂದು ಸಂಜೆಗೇ ಅತ್ತೆ ಕೂಸಿನ ಬಟ್ಟೆ, ದುಪ್ಪಟಿ ಕಟ್ಟಿಕೊಂಡು ದಿಲ್‌ಸುಖ್‌ನಗರಕ್ಕೆ ಶೈಲಾಳ ಮನೆಗೆ ಹೊರಟರು. ಇನ್ನೊಂದು ಸಲ ಕುಡಿಸಿ ಕೊಡುತ್ತೇನೆ ಎಂದು ನಾನು ಕೈಚಾಚಿದೆ. "ಬ್ಯಾಡವಾ," ಎಂದು ಅತ್ತೆ ಕೂಸನ್ನು ಆ ಕಡೆಯ ಹೆಗಲಿಗೆ ಬದಲಿಸಿದರು. ಶ್ರಾವಣಿ ಅದನ್ನು ಆಟವೆಂದುಕೊಂಡು, ಅವರ ಹೆಗಲ ಮೇಲಿಂದ ನನ್ನನ್ನು ನೋಡಿ ನಕ್ಕಳು. ನಾನು ತಡೆಯಲಿಲ್ಲ. ನನ್ನ ಹಾಲಿನಲ್ಲಿ ರೋಗವಿದೆ ಎಂದು ಯಾರೋ ಖಚಿತವಾಗಿ ಹೇಳಿದ ಮೇಲೆ, ಇಲ್ಲ ಎಂದು ಹೇಳಲು ನನಗೇನು ಗೊತ್ತಿತ್ತು?

ಬಲಗಡೆಯ ಎದೆಗೆ ಇದೇನೂ ತಿಳಿಯದು. ಅದು ಹೊತ್ತು ಹೊತ್ತಿಗೆ ತುಂಬಿಕೊಂಡಿತು. ಮರುದಿನಕ್ಕೆ ಕಲ್ಲಾಯಿತು, ಕೈ ಎತ್ತಲಾಗಲಿಲ್ಲ. ರಾಯಚೂರಿನಿಂದ ಬೆಳಗಿನ ಗಾಡಿಗೆ ಬಂದಿಳಿದ ಅವ್ವ ನನ್ನನ್ನು ನೋಡಿ ಚೀಲವನ್ನು ಬಾಗಿಲಲ್ಲಿಯೇ ಬಿಟ್ಟಳು. "ಯಾರು ಹೇಳಿದ್ರು ಬಿಡಸಾಕ?" ಎಂದು ಕೇಳಿದಳು. ಹೇಳಿದೆ. ಟಿಬಿ ಎಂದ ಕೂಡಲೇ ತಾನೇ ಕೆಳಗಿಳಿದು ಹೋಗಿ ಬೀದಿಯಿಂದ ಮಲ್ಲಿಗೆ ದಂಡೆ ತಂದಳು. ಹಾಲು ಬತ್ತಿಸಲು ನಮ್ಮ ಕಡೆ ಎದೆಗೆ ಮಲ್ಲಿಗೆ ಕಟ್ಟುತ್ತಾರೆ. ಮೊಳಗಟ್ಟಲೆ ಹೂವನ್ನು ಬಲ ಎದೆಗೆ ಸುತ್ತಿ, ಮೇಲೆ ಹಳೆಯ ಧೋತರದ ತುಂಡು ಬಿಗಿದು ಕಟ್ಟಿದಳು. ನನ್ನ ಮೈಯಿಂದ ಮದುಮಗಳ ವಾಸನೆ ಬರುತ್ತಿತ್ತು. ಕಟ್ಟುವಾಗ ಅವ್ವ ಅಳುತ್ತಿದ್ದಳು, ಆದರೆ ಗಂಟು ಸಡಿಲ ಬಿಡಲಿಲ್ಲ.

ಟಿಬಿ ಕ್ಲಿನಿಕ್ಕಿಗೆ ಮೊದಲ ಸಲ ಹೋದಾಗ ದೊಡ್ಡ ಡಾಕ್ಟರು ರಜೆಯಲ್ಲಿದ್ದರು. ಎಕ್ಸ್‌ರೇ ತೆಗೆದು, ಮಾತ್ರೆ ಕೊಟ್ಟು, ಬರಿಹೊಟ್ಟೆಯಲ್ಲಿ ನುಂಗಬೇಕೆಂದು ಹೇಳಿ ಕಳಿಸಿದರು. ಮಾತ್ರೆಗೆ ಹೊಟ್ಟೆ ತೊಳಸುತ್ತಿತ್ತು, ಅನ್ನದ ವಾಸನೆಯೂ ಆಗುತ್ತಿರಲಿಲ್ಲ. ಉಚ್ಚೆ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅದಾದರೂ ಮೊದಲೇ ಹೇಳಿದ್ದರು. ಒಂದು ದಿನ ಸ್ನಾನದ ಮನೆಯಲ್ಲಿ ಬಲ ಎದೆಯನ್ನು ಒತ್ತಿದಾಗ ಉಳಿದಿದ್ದ ನಾಲ್ಕು ಹನಿ ಹಾಲು ಬಂತು, ಅದೂ ನಸುಗೆಂಪಗೆ. ಮಾತ್ರೆಯ ಬಣ್ಣ ಹಾಲಿಗೂ ಇಳಿಯಬಹುದು, ಅದರಿಂದ ಏನೂ ಆಗದು ಎಂಬುದು ನನಗೆ ಆಮೇಲೆ ತಿಳಿಯಿತು. ಆಗ ಅದು ವಿಷವೆಂದೇ ಅನ್ನಿಸಿತು. ಅತ್ತೆ ಮಾಡಿದ್ದೇ ಸರಿ ಎಂದುಕೊಂಡು ನೀರು ಸುರಿದು ತೊಳೆದೆ.

ಮುಂದಿನ ಭೇಟಿಗೆ ಡಾಕ್ಟರಿದ್ದರು. ವಯಸ್ಸಾದವರು, ಮೆಲ್ಲಗೆ ಮಾತಾಡುವವರು. ಗಾಯ ನೋಡಿದರು, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಶ್ವಾಸಕೋಶ ಚೆನ್ನಾಗಿದೆ ಎಂದರು. ಆಮೇಲೆ ಕೂಸು ಬಲಗಡೆ ಸರಿಯಾಗಿ ಕುಡಿಯುತ್ತಿದೆಯೇ ಎಂದು ಹಿಂದಿಯಲ್ಲಿ ಕೇಳಿದರು.

"ಬಿಡಿಸಿದ್ದೇವೆ ಸರ್," ಎಂದೆ.

ಅವರು ಪೆನ್ನು ಕೆಳಗಿಟ್ಟರು. "ಕಿಸ್‌ನೇ ಬೋಲಾ?"

ಯಾರು ಹೇಳಿದರು. ನಾನು ಗಂಡನ ಮುಖ ನೋಡಿದೆ, ಅವರು ನೆಲ ನೋಡುತ್ತಿದ್ದರು. ಡಾಕ್ಟರು ಸಿಟ್ಟು ಮಾಡಲಿಲ್ಲ. ಈ ರೋಗ ಹಾಲಿನಿಂದ ಕೂಸಿಗೆ ದಾಟುವುದಿಲ್ಲ, ಮಾತ್ರೆ ನುಂಗುತ್ತಲೇ ಕುಡಿಸಬಹುದು, ಗಾಯವಾದ ಕಡೆ ಬೇಡ, ಇನ್ನೊಂದು ಕಡೆಯದನ್ನು ಯಾವತ್ತೂ ನಿಲ್ಲಿಸಬೇಕಾಗಿರಲಿಲ್ಲ ಎಂದರು. ಕೂಸನ್ನೂ ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ ಎಂದು ಚೀಟಿ ಬರೆದರು. ಅವರು ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ವಾರಗಳೇ ಕಳೆದಿದ್ದವು. ಎದೆ ಬತ್ತಿ ಹೋಗಿತ್ತು.

ಮೆಟ್ಟಿಲಿಳಿಯುವಾಗ ಇವರು, "ನಾನರ ಕೇಳಬೇಕಿತ್ತು," ಎಂದರು. ನಾನು ಆಟೋದವನಿಗೆ ದಿಲ್‌ಸುಖ್‌ನಗರ ಎಂದೆ.

ಕೂಸನ್ನು ನೋಡಲು ನಾನು ಅಲ್ಲಿಯವರೆಗೆ ಒಮ್ಮೆಯೂ ಹೋಗಿರಲಿಲ್ಲ, ಅತ್ತೆ ಬರಬೇಡವೆಂದಿದ್ದರು. ಡಬ್ಬಿ ಹಾಲು ಹೊಂದಿಕೊಂಡಿದೆ ಎಂದು ಅತ್ತೆ ಫೋನಿನಲ್ಲಿ ಹೇಳುತ್ತಿದ್ದರು. ಬಾಗಿಲು ತೆರೆದಿತ್ತು. ಒಳಕೋಣೆಯಲ್ಲಿ ಶೈಲಾ ಗೋಡೆಗೆ ಒರಗಿ ಕುಳಿತಿದ್ದಳು. ಶ್ರಾವಣಿ ಅವಳ ಎದೆಗೆ ಅಂಟಿಕೊಂಡು ಕುಡಿಯುತ್ತಿದ್ದಳು. ಒಂದು ಕೈ ಶೈಲಾಳ ತಾಳಿಯ ಸರವನ್ನು ಹಿಡಿದಿತ್ತು. ನನ್ನದನ್ನೂ ಹಾಗೇ ಹಿಡಿಯುತ್ತಿದ್ದಳು. ಶೈಲಾಳ ಮಗನಿಗೆ ಆಗ ಒಂದೂವರೆ ವರ್ಷ, ಅವನಿಗಿನ್ನೂ ಹಾಲು ಬಿಡಿಸಿರಲಿಲ್ಲ.

ಶೈಲಾ ನನ್ನನ್ನು ನೋಡಿ ಕೂಸನ್ನು ಬಿಡಿಸಲು ಹೋದಳು.

"ಇರ್ಲಿ, ಕುಡಿಲಿ," ಎಂದೆ.

"ಬಾಟ್ಲಿ ಮುಟ್ಟಲಿಲ್ಲ ವೈನಿ," ಎಂದಳು. "ಎರಡು ದಿನ ಅತ್ತು ಅತ್ತು ದನೀನ ಬಿದ್ದಿತ್ತು. ಚಮಚೆಲೆ ಹಾಕಿದ್ರ ಉಗುಳತಿತ್ತು. ಮೂತ್ರ ಸುದ್ದಾ ನಿಂತಿತ್ತು. ನನಗ ತಡಕೊಳ್ಳಾಕ ಆಗಲಿಲ್ಲ. ನಿಮಗ ಹೇಳಿದ್ರ ಎಲ್ಲಿ ಮನಸಿಗೆ ಹಚ್ಕೋತೀರಿ ಅಂತ ಅವ್ವನ ಬ್ಯಾಡ ಅಂದ್ಲು."

ನಾನು ಹೊಸ್ತಿಲಲ್ಲಿಯೇ ಕುಳಿತೆ. ಆ ಹೊತ್ತು ನನಗೆ ಶೈಲಾಳ ಮೇಲೆ ಬಂದದ್ದು ಸಿಟ್ಟೋ, ಹೊಟ್ಟೆಕಿಚ್ಚೋ, ಅವಳ ಕಾಲಿಗೆ ಬೀಳಬೇಕೆನ್ನುವ ಆಸೆಯೋ ಇಂದಿಗೂ ಬಿಡಿಸಿ ಹೇಳಲಾರೆ. ಮೂರೂ ಇದ್ದವು. ಕೂಸು ಕುಡಿದು ಮುಗಿಸಿದ ಮೇಲೆ ಎತ್ತಿಕೊಂಡೆ. ಶ್ರಾವಣಿ ನನ್ನ ಮುಖವನ್ನು ಗುರುತಿಲ್ಲದವರ ಮುಖ ನೋಡುವಂತೆ ನೋಡಿದಳು. ಬಲ ಎದೆಯನ್ನು ಬಾಯಿಗಿಟ್ಟೆ. ಎರಡು ಸಲ ಎಳೆದು, ಏನೂ ಬಾರದ್ದಕ್ಕೆ ಬಿಟ್ಟು, ಶೈಲಾಳ ಕಡೆ ತಿರುಗಿ ಅತ್ತಳು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆಗೆ, ಡಾಕ್ಟರು ಹೇಳಿದ್ದನ್ನೆಲ್ಲ ಇವರು ಹೇಳಿದರು. ಅತ್ತೆ ಕೇಳಿಸಿಕೊಂಡು, ಒಳಗೆ ಹೋಗಿ ಚಹಾಕ್ಕೆ ಇಟ್ಟರು.

ಕೂಸನ್ನು ಅಂದೇ ಮನೆಗೆ ತಂದುಬಿಡಬೇಕೆಂದು ಬಂದಿದ್ದೆ. ತಂದು ಏನು ಕುಡಿಸಲಿ? ಬಾಟಲಿ ಮುಟ್ಟದ ಕೂಸು, ಹನಿಯಿಲ್ಲದ ಎದೆ. ಅವಳು ಅಲ್ಲಿ ಮೈತುಂಬಿಕೊಂಡಿದ್ದಳು, ಕೆನ್ನೆ ಉಬ್ಬಿತ್ತು. ಬಹಳ ಹೊತ್ತು ಕುಳಿತು, ಅವಳನ್ನು ಅಲ್ಲಿಯೇ ಬಿಟ್ಟು ಬಂದೆ. ಮೊದಲ ಸಲ ಬೇರೆಯವರು ಒಯ್ದಿದ್ದರು. ಈ ಸಲ ನಾನೇ ಬಿಟ್ಟು ಬಂದೆ, ಈ ಸಲವೇ ಹೆಚ್ಚು ನೋವಾಯಿತು.

ಮರುದಿನದಿಂದ ಬೆಳಿಗ್ಗೆ ಮಾತ್ರೆ ನುಂಗಿ, ವಾಕರಿಕೆ ಇಳಿದ ಮೇಲೆ, ಅವ್ವನನ್ನು ಕರೆದುಕೊಂಡು ದಿಲ್‌ಸುಖ್‌ನಗರಕ್ಕೆ ಹೋಗುತ್ತಿದ್ದೆ. ಶೈಲಾ ತಾನಾಗಿಯೇ ಒಂದು ದಾರಿ ಹೇಳಿದಳು. "ಮೊದಲ ನಿಮಗ ಹಚ್ರಿ ವೈನಿ. ಸಿಟ್ಟಿಗೇಳೂತನ ಎಳೀಲಿ. ಆಮ್ಯಾಲ ನಾ ತಗೋತೀನಿ." ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತುಕೊಳ್ಳುತ್ತಿದ್ದೆವು. ಕೂಸು ನನ್ನ ಬಳಿ ಒಣಗಿದ್ದನ್ನು ಎಳೆದು ಅಳುತ್ತಿತ್ತು, ಅವಳ ಬಳಿ ಹೋಗಿ ಕುಡಿಯುತ್ತಿತ್ತು. ಶೈಲಾಳ ಮಗ ಬಂದು ಶ್ರಾವಣಿಯ ಕೂದಲು ಜಗ್ಗಿ, ತನ್ನ ಪಾಲು ಕೇಳುತ್ತಿದ್ದ. ಅವ್ವ ಬೆಳ್ಳುಳ್ಳಿ ಹುರಿದು, ಸಬ್ಬಸಿಗೆ ಸೊಪ್ಪಿನ ಪಲ್ಯ ಮಾಡಿ ನನಗೆ ತಿನ್ನಿಸುತ್ತಿದ್ದಳು. ಅರ್ಧ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು, ಅರ್ಧ ಹೊರಗೆ ಬರುತ್ತಿತ್ತು.

ಹಾಲು ಬಂತು. ಬಂತು ಎಂದು ಹೇಳುವುದಕ್ಕೂ ಸಂಕೋಚವಾಗುವಷ್ಟು ಬಂತು. ಒಂದು ಬೆಳಿಗ್ಗೆ ಶ್ರಾವಣಿ ಎಳೆಯುವಾಗ ಗುಟುಕರಿಸುವ ಸದ್ದು ಕೇಳಿ, ಶೈಲಾ ನನ್ನ ತೊಡೆ ಹಿಡಿದು ಅದುಮಿದಳು. ಹೊಟ್ಟೆ ತುಂಬುವಷ್ಟು ಅದು ಎಂದೂ ಆಗಲಿಲ್ಲ. ಆರು ತಿಂಗಳು ತುಂಬಿ ಹೆಸರುಬೇಳೆ ಅಕ್ಕಿಯ ಮೆತ್ತನೆಯ ಅನ್ನ ತಿನ್ನತೊಡಗಿ, ಲೋಟದಲ್ಲಿ ಕುಡಿಯಲು ಕಲಿತ ಮೇಲೆಯೇ ಅವಳನ್ನು ಮನೆಗೆ ತಂದೆ. ಮನೆಯಲ್ಲಿಯೂ ನಿದ್ದೆಯ ಹೊತ್ತಿಗೆ ಬಲಗಡೆಗೆ ಬರುತ್ತಿದ್ದಳು. ನನ್ನ ಮಾತ್ರೆಗಳು ಮುಗಿಯುವ ಮೊದಲೇ ಒಂದು ದಿನ ಬಾಯಿಟ್ಟು, ಬಿಟ್ಟು, ಕೈಯಿಂದ ದೂಡಿ ಮಗ್ಗಲು ಬದಲಿಸಿ ಮಲಗಿದಳು. ಮತ್ತೆ ಕೇಳಲಿಲ್ಲ. ಬೇವು ಹಚ್ಚಲಿಲ್ಲ, ಹೂವು ಕಟ್ಟಲಿಲ್ಲ, ಅಷ್ಟಕ್ಕೇ ಬಿಟ್ಟುಹೋಯಿತು.

ಗಾಯ ಮಾಯಿತು. ಎಡ ಎದೆ ಕುಗ್ಗಿ, ಕೊಯ್ದ ಜಾಗಗಳಲ್ಲಿ ಒಳಗೆ ಸೆಳೆದುಕೊಂಡ ಕುಳಿಗಳು ಉಳಿದಿವೆ. ಕುಪ್ಪಸ ಹೊಲಿಸುವಾಗ ಆ ಕಡೆ ಬಟ್ಟೆ ತುಂಬಿಸಿಕೊಳ್ಳುತ್ತೇನೆ. ಮಕ್ಕಳ ಡಾಕ್ಟರು ಶ್ರಾವಣಿಯನ್ನು ಪರೀಕ್ಷಿಸಿ ರೋಗವಿಲ್ಲವೆಂದರು. ಶೈಲಾ ತನ್ನ ಮಗನಿಗೆ ಹಾಲು ಬಿಡಿಸಿದಾಗ ನಾನೇ ಹೋಗಿ ಅವಳ ಜೊತೆ ಇದ್ದು ಬಂದೆ.

ನೆಂಟರಲ್ಲಿ ಬಾಣಂತಿಯರು ಈಗ ನನಗೆ ಫೋನ್ ಮಾಡುತ್ತಾರೆ. ಜ್ವರ ಬಂದಿದೆ ಕುಡಿಸಲೇ, ಗುಳಿಗೆ ತಗೊಂಡಿದ್ದೇನೆ ಕುಡಿಸಲೇ, ಗಂಟಾಗಿದೆ, ಬಿಡಿಸು ಅನ್ನುತ್ತಿದ್ದಾರೆ, ಬಿಡಿಸಲೇ. ನಾನು ಡಾಕ್ಟರಲ್ಲ. ಆ ಪ್ರಶ್ನೆಯನ್ನು ನನಗಲ್ಲ, ಔಷಧ ಕೊಟ್ಟವರಿಗೆ ಕೇಳು ಎನ್ನುತ್ತೇನೆ. ಅವರು ಎದ್ದು ಹೋಗುತ್ತಿದ್ದರೂ ಬಾಗಿಲಿಗೆ ಅಡ್ಡ ನಿಂತು ಕೇಳು. ಬಿಡಿಸು ಅಂದವರಿಗೆ, ಯಾಕೆ, ಎಷ್ಟು ದಿನ, ಎರಡೂ ಕಡೆಯೋ ಒಂದೇ ಕಡೆಯೋ ಎಂದು ಕೇಳು.

ಅತ್ತೆ ಮತ್ತು ನಾನು ಈ ಬಗ್ಗೆ ಮಾತಾಡಿದ್ದು ಒಮ್ಮೆ ಮಾತ್ರ. ಶ್ರಾವಣಿ ಆಗ ಗೋಡೆ ಹಿಡಿದು ನಡೆಯುತ್ತಿದ್ದಳು. ಅತ್ತೆ ಮೊರದ ಮುಂದೆ ಕುಳಿತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು, ನಾನು ಎದುರಿಗೆ ಕುಳಿತು ಕೈಹಾಕಿದ್ದೆ.

"ನಿನಗ ನನ್ನ ಮ್ಯಾಲಿನ ಸಿಟ್ಟು ಹೋಗಿಲ್ಲಲ್ಲ?" ಎಂದರು, ತಲೆಯೆತ್ತದೆ.

ಸುಳ್ಳು ಹೇಳಬಹುದಿತ್ತು. "ಇಲ್ಲ ಅತ್ತಿ," ಎಂದೆ. "ಹೋಗಿಲ್ಲ."

ಅವರು ಒಂದು ಕಡ್ಡಿಯ ಎಲೆಗಳನ್ನೆಲ್ಲ ಬಿಡಿಸಿ, ಕಡ್ಡಿಯನ್ನು ಪಕ್ಕಕ್ಕೆ ಹಾಕಿದರು. ಕೂಸು ಗೋಡೆ ಬಿಟ್ಟು ಒಂದು ಹೆಜ್ಜೆಯಿಟ್ಟು, ಕುಕ್ಕರಿಸಿ, ಮತ್ತೆ ಏಳುತ್ತಿತ್ತು.

"ಇರ್ಲಿ," ಎಂದರು ಅತ್ತೆ. "ಸಿಟ್ಟು ಇರ್ಲಿ. ಕೂಸು ಐತಲ್ಲ."